ನಾಯಕರ ನೈತಿಕತೆ ಸಂಸ್ಥೆಯ ಲೆಕ್ಕಪತ್ರದಲ್ಲಿ ಎಲ್ಲಿ ಕಾಣುತ್ತದೆ?

ಪ್ರಶ್ನೆ: ಸುಮಾರು ನಾನೂರು ಮಂದಿ ದುಡಿಯುವ ಸಂಸ್ಥೆಯೊಂದರ ಮಾನವ ಸಂಪನ್ಮೂಲ ವಿಭಾಗಕ್ಕೆ ನಾನು ಮುಖ್ಯಸ್ಥೆ. ಎರಡು ವರ್ಷಗಳ ಹಿಂದೆ ನಾವು ನೀತಿಸಂಹಿತೆಯೊಂದನ್ನು ಹೊರತಂದು, ಎಲ್ಲರಿಗೂ ತರಬೇತಿ ಕೊಟ್ಟು, ಅಕ್ರಮಗಳ ಬಗ್ಗೆ ದೂರು ಹೇಳಲು ಸಹಾಯವಾಣಿಯನ್ನೂ ತೆರೆದೆವು. ಅದಕ್ಕೆ ಈವರೆಗೆ ಬಂದಿರುವ ಕರೆಗಳು ಮೂರೇ ಮೂರು. ‘ನಾಯಕರು ನೈತಿಕವಾಗಿ ನಡೆದುಕೊಂಡರೆ ನೌಕರರಿಗೆ ಸಮಾಧಾನವಾಗಬಹುದು, ಆದರೆ ಕಂಪನಿಗೆ ಅದರಿಂದ ಒಂದು ರೂಪಾಯಿಯಾದರೂ ಬರುತ್ತದೆಯೇ?’ ಎಂದು ನಿರ್ದೇಶಕರೊಬ್ಬರು ಕೇಳುತ್ತಿದ್ದಾರೆ. ನಮ್ಮ ಪ್ರತಿಸ್ಪರ್ಧಿ ಸಂಸ್ಥೆಯ ಮುಖ್ಯಸ್ಥರು ನಿಯಮಗಳನ್ನು ಅಷ್ಟಾಗಿ ಲೆಕ್ಕಿಸುವವರಲ್ಲ, ಆದರೂ ಅವರ ಲಾಭ ನಮಗಿಂತ ಹೆಚ್ಚು. ನಿರ್ದೇಶಕರಿಗೆ ನಾನು ಏನೆಂದು ಉತ್ತರ ಕೊಡಲಿ?

ಉತ್ತರ: ನಿಮ್ಮ ನಿರ್ದೇಶಕರ ಪ್ರಶ್ನೆ ಒರಟಾಗಿದ್ದರೂ ಅನುಚಿತವಾದುದಲ್ಲ. ಬರುತ್ತದೆ ಎಂಬುದೇ ಅದಕ್ಕೆ ನೇರವಾದ ಉತ್ತರ. ಆದರೆ ಅದು ನೀವು ಹುಡುಕುತ್ತಿರುವ ಜಾಗದಲ್ಲಿ ಸಿಗುವುದಿಲ್ಲ. ನೀತಿಸಂಹಿತೆ, ತರಬೇತಿ, ಸಹಾಯವಾಣಿ ಇವು ಮೂರೂ ಸಂಸ್ಥೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಮಾತುಗಳು. ನೌಕರರ ನಡವಳಿಕೆಯನ್ನೂ ಆ ಮೂಲಕ ಸಂಸ್ಥೆಯ ಲಾಭನಷ್ಟವನ್ನೂ ಬದಲಿಸುವುದು, ತಮ್ಮ ಮೇಲಧಿಕಾರಿ ಇಕ್ಕಟ್ಟಿನ ಹೊತ್ತಿನಲ್ಲಿ ಏನು ಮಾಡಿದರು ಎಂಬುದನ್ನು ನೋಡಿ ನೌಕರರು ತಾವೇ ಕಟ್ಟಿಕೊಳ್ಳುವ ತೀರ್ಮಾನ. ನನ್ನ ಉತ್ತರವೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇರುವುದರಿಂದ, ಆಧಾರಗಳನ್ನು ಒಂದೊಂದಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ‘ನೈತಿಕ ನಾಯಕತ್ವ’ ಎಂದರೆ ಏನೆಂದು ಗೊತ್ತುಮಾಡಿಕೊಳ್ಳೋಣ, ಏಕೆಂದರೆ ಈ ಪದವನ್ನು ಒಳ್ಳೆಯತನಕ್ಕೆ ಪರ್ಯಾಯವಾಗಿ ಬಳಸುವ ಅಭ್ಯಾಸವೇ ಅರ್ಧ ಗೊಂದಲಕ್ಕೆ ಕಾರಣ. ನಿರ್ವಹಣಾಶಾಸ್ತ್ರದ ವಿದ್ವಾಂಸೆ ಲಿಂಡಾ ಟ್ರೆವಿನೊ ಮತ್ತು ಅವರ ಸಹೋದ್ಯೋಗಿಗಳು 2000 ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ಎರಡು ಕಂಬಗಳನ್ನು ಗುರುತಿಸಿದರು. ನಾಯಕರು ಸ್ವತಃ ಪ್ರಾಮಾಣಿಕರಾಗಿ, ನ್ಯಾಯವಾಗಿ ನಡೆದುಕೊಳ್ಳುವವರಾಗಿರಬೇಕು ಎಂಬುದು ಒಂದು. ಆ ಪ್ರಾಮಾಣಿಕತೆಯನ್ನು ತಮ್ಮ ಕೈಕೆಳಗಿನವರ ಕೆಲಸದಲ್ಲೂ ಕಾಣುವಂತೆ ಮಾಡಬೇಕು, ಎಂದರೆ ಅದರ ಬಗ್ಗೆ ಮಾತನಾಡಬೇಕು, ಅದನ್ನು ಪಾಲಿಸಿದವರನ್ನು ಗುರುತಿಸಬೇಕು, ಮುರಿದವರನ್ನು ಹೊಣೆಗಾರರನ್ನಾಗಿಸಬೇಕು ಎಂಬುದು ಇನ್ನೊಂದು. 2005 ರಲ್ಲಿ ಮೈಕೆಲ್ ಬ್ರೌನ್, ಟ್ರೆವಿನೊ ಮತ್ತು ಡೇವಿಡ್ ಹ್ಯಾರಿಸನ್ ಇದೇ ಕಲ್ಪನೆಯನ್ನು ಹತ್ತು ಹೇಳಿಕೆಗಳ ಪ್ರಶ್ನಾವಳಿಯಾಗಿ ರೂಪಿಸಿದರು. ಈ ಕ್ಷೇತ್ರದ ಹೆಚ್ಚಿನ ಅಧ್ಯಯನಗಳು ಇಂದಿಗೂ ಅದನ್ನೇ ಅಳತೆಗೋಲಾಗಿ ಬಳಸುತ್ತವೆ.

ಎರಡನೆಯ ಕಂಬವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಮೊದಲ ಗುಣವಿಲ್ಲದೆ ಎರಡನೆಯದನ್ನು ಮಾತ್ರ ಪ್ರದರ್ಶಿಸುವವರನ್ನು ಕಪಟಿಗಳೆಂದು ನೌಕರರು ಬೇಗನೆ ಗುರುತಿಸುತ್ತಾರೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ತಾವು ಮಾತ್ರ ಶುದ್ಧರಾಗಿದ್ದು, ನೈತಿಕ ವಿಷಯಗಳಲ್ಲಿ ಬಾಯಿಬಿಡದೆ, ಯಾರನ್ನೂ ಪ್ರಶ್ನಿಸದೆ ಇರುವ ಸಜ್ಜನ ಅಧಿಕಾರಿಯೂ ನೌಕರರ ಕಣ್ಣಿಗೆ ನೈತಿಕ ನಾಯಕರಾಗಿ ಕಾಣುವುದಿಲ್ಲ. ‘ಇವರಿಗೆ ಈ ವಿಷಯ ಮುಖ್ಯವಲ್ಲ, ಸಂಖ್ಯೆಗಳಷ್ಟೇ ಮುಖ್ಯ’ ಎಂದು ಆ ಮೌನಕ್ಕೆ ಅರ್ಥ ಹಚ್ಚಲಾಗುತ್ತದೆ. ನಾನು ಸಲಹೆ ನೀಡಿರುವ ಸಂಸ್ಥೆಗಳಲ್ಲಿ ದುಷ್ಟ ನಾಯಕರಿಗಿಂತ ಇಂಥ ಮೌನಿ ಸಜ್ಜನರನ್ನೇ ಹೆಚ್ಚಾಗಿ ಕಂಡಿದ್ದೇನೆ, ಮತ್ತು ತಮ್ಮ ವಿಭಾಗದಲ್ಲಿ ಅಕ್ರಮ ಹೊರಬಿದ್ದಾಗ ಎಲ್ಲರಿಗಿಂತ ಹೆಚ್ಚು ಬೆರಗಾಗುವವರೂ ಅವರೇ.

ಇನ್ನು ನೌಕರರ ಮೇಲಾಗುವ ಪರಿಣಾಮಕ್ಕೆ ಬರೋಣ. ಮನುಷ್ಯರು ತಮಗಾದ ಅನುಭವದಿಂದ ಮಾತ್ರವಲ್ಲ, ಬೇರೆಯವರಿಗೆ ಆದದ್ದನ್ನು ನೋಡಿಯೂ ಕಲಿಯುತ್ತಾರೆ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಪ್ರತಿಪಾದಿಸಿದ್ದರು. ಕಚೇರಿಯಲ್ಲಿ ಈ ಕಲಿಕೆಯ ಪಠ್ಯಪುಸ್ತಕವೆಂದರೆ ಬಡ್ತಿಯ ಪಟ್ಟಿ. ಗುರಿ ಮುಟ್ಟಲು ಗ್ರಾಹಕರಿಗೆ ಸುಳ್ಳು ಹೇಳಿದವನಿಗೆ ಬಡ್ತಿ ಸಿಕ್ಕಿ, ‘ಈ ತಿಂಗಳು ಆಗುವುದಿಲ್ಲ’ ಎಂದು ನಿಜ ಹೇಳಿದವನು ಅಲ್ಲೇ ಉಳಿದರೆ, ಆ ಒಂದು ಘಟನೆ ನಿಮ್ಮ ಎರಡು ವರ್ಷಗಳ ತರಬೇತಿಯನ್ನು ಒಂದೇ ಮಧ್ಯಾಹ್ನದಲ್ಲಿ ಅಳಿಸಿಹಾಕುತ್ತದೆ.

ಕಲಿಕೆಯ ಜೊತೆಗೆ ಕೊಡುಕೊಳ್ಳುವಿಕೆಯೂ ಇದೆ. ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡವರಿಗೆ ಜನ ಒಪ್ಪಂದದಲ್ಲಿ ಬರೆಯದ ಕೆಲಸವನ್ನೂ ಮಾಡಿಕೊಡುತ್ತಾರೆ. ಅವಮಾನಿಸಿದವರಿಂದ ತಮಗೆ ಬರಬೇಕಾದ ಬಾಕಿಯನ್ನು ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳುತ್ತಾರೆ. ಇದು ಕೇವಲ ಅಲಂಕಾರದ ಮಾತಲ್ಲ ಎಂಬುದಕ್ಕೆ ಜೆರಾಲ್ಡ್ ಗ್ರೀನ್‌ಬರ್ಗ್ 1990 ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಉತ್ಪಾದನಾ ಕಂಪನಿಯೊಂದು ಗುತ್ತಿಗೆಗಳನ್ನು ಕಳೆದುಕೊಂಡು ತನ್ನ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರಗಳ ಕಾಲ ಶೇಕಡಾ 15 ರಷ್ಟು ಸಂಬಳ ಕಡಿತ ಮಾಡಬೇಕಾಯಿತು. ಒಂದು ಕಾರ್ಖಾನೆಯಲ್ಲಿ ಅಧ್ಯಕ್ಷರು ನೌಕರರನ್ನು ಒಂದೂವರೆ ಗಂಟೆ ಕೂರಿಸಿಕೊಂಡು, ಲೆಕ್ಕಪತ್ರಗಳನ್ನು ತೋರಿಸಿ, ಕಡಿತ ಏಕೆ ಅನಿವಾರ್ಯವೆಂದು ವಿವರಿಸಿ, ತಮ್ಮ ವಿಷಾದವನ್ನು ಮುಚ್ಚಿಡದೆ ಹೇಳಿಕೊಂಡು, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿದರು. ಇನ್ನೊಂದರಲ್ಲಿ ಕಾಲು ಗಂಟೆಯ ಸಭೆಯೊಂದರಲ್ಲಿ ಕಡಿತವನ್ನು ಪ್ರಕಟಿಸಿ ಮುಗಿಸಲಾಯಿತು. ಕಡಿತವೇ ಇಲ್ಲದ ಮೂರನೆಯ ಕಾರ್ಖಾನೆ ಹೋಲಿಕೆಗಿತ್ತು. ಕಡಿತದ ವಾರಗಳಲ್ಲಿ ಎರಡೂ ಕಡೆ ಕಳವು ಹೆಚ್ಚಿತು, ಆದರೆ ವಿವರಣೆ ಸಿಗದ ಕಾರ್ಖಾನೆಯಲ್ಲಿ ಅದು ಇನ್ನೊಂದಕ್ಕಿಂತ ಗಣನೀಯವಾಗಿ ಹೆಚ್ಚಿತ್ತು, ಮತ್ತು ಕೆಲಸ ಬಿಟ್ಟುಹೋದವರ ಸಂಖ್ಯೆಯೂ ಅಲ್ಲೇ ದೊಡ್ಡದಿತ್ತು. ಸಂಬಳ ಮೊದಲಿನಂತಾದಾಗ ಕಳವಿನ ಪ್ರಮಾಣವೂ ಮೊದಲಿನಂತಾಯಿತು. ಎರಡೂ ಕಡೆ ಕಡಿತ ಒಂದೇ, ಹಣದ ನಷ್ಟ ಒಂದೇ. ಬೇರೆಯಾಗಿದ್ದುದು ನಾಯಕರು ತೋರಿದ ಪ್ರಾಮಾಣಿಕತೆ ಮತ್ತು ಗೌರವ ಮಾತ್ರ. ನಿಮ್ಮ ನಿರ್ದೇಶಕರು ರೂಪಾಯಿಯ ಲೆಕ್ಕವನ್ನೇ ಕೇಳುವುದಾದರೆ, ಒಂದೂವರೆ ಗಂಟೆಯ ಸಭೆಯೊಂದರ ಬೆಲೆಯನ್ನು ದಾಸ್ತಾನು ಕೊಠಡಿಯ ಲೆಕ್ಕದಲ್ಲಿ ತೋರಿಸಿಕೊಟ್ಟ ಅಧ್ಯಯನ ಇದು.

ಆದರೆ ಕಳವಿಗಿಂತಲೂ ದುಬಾರಿಯಾದದ್ದು ಮೌನ. ಇದನ್ನು ವಿವರಿಸಲು ನಿಮ್ಮ ಸಹಾಯವಾಣಿಯ ಮೂರು ಕರೆಗಳ ಪ್ರಸ್ತಾಪವನ್ನು ಸ್ವಲ್ಪ ಪಕ್ಕಕ್ಕಿಟ್ಟು ಆಸ್ಪತ್ರೆಗಳ ಕಡೆ ನೋಡೋಣ. ಏಮಿ ಎಡ್ಮಂಡ್‌ಸನ್ 1996 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿದರು. ಉತ್ತಮ ನಾಯಕತ್ವ, ಉತ್ತಮ ಹೊಂದಾಣಿಕೆ ಇರುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂಬ ನಿರೀಕ್ಷೆಗೆ ವಿರುದ್ಧವಾಗಿ, ಅಂಥ ತಂಡಗಳಲ್ಲೇ ದಾಖಲಾದ ತಪ್ಪುಗಳ ಸಂಖ್ಯೆ ಹೆಚ್ಚಿತ್ತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ ಎಂಬ ಕಡೆಗೆ ಮುಂದಿನ ಪರಿಶೀಲನೆ ಬೊಟ್ಟುಮಾಡಿತು. ಉಳಿದ ತಂಡಗಳ ದಾಖಲೆ ಸ್ವಚ್ಛವಾಗಿತ್ತು, ಏಕೆಂದರೆ ಅಲ್ಲಿ ಬಾಯಿಬಿಟ್ಟರೆ ಏನಾಗುತ್ತದೆಂದು ಎಲ್ಲರಿಗೂ ತಿಳಿದಿತ್ತು. ಎಡ್ಮಂಡ್‌ಸನ್ 1999 ರಲ್ಲಿ ವಿಸ್ತರಿಸಿದ ‘ಮಾನಸಿಕ ಸುರಕ್ಷತೆ’ ಎಂಬ ಕಲ್ಪನೆಯ ಹಿನ್ನೆಲೆ ಇದು: ತಪ್ಪೊಪ್ಪಿಕೊಂಡರೂ, ಸಂದೇಹ ಎತ್ತಿದರೂ ತನಗೆ ಶಿಕ್ಷೆಯಾಗಲಿ ಅವಮಾನವಾಗಲಿ ಆಗದು ಎಂಬ ನಂಬಿಕೆ. ಈ ನಂಬಿಕೆಯನ್ನು ಭಾಷಣದಿಂದ ಹುಟ್ಟಿಸಲಾಗದು. ಹಿಂದೆ ಹಾಗೆ ಮಾತನಾಡಿದವರಿಗೆ ಏನಾಯಿತು ಎಂಬುದರಿಂದಲೇ ಅದು ಹುಟ್ಟುತ್ತದೆ.

ಹೀಗಾಗಿ ಮೂರೇ ಕರೆಗಳು ಬಂದಿರುವುದನ್ನು ನಿಮ್ಮ ಸಂಸ್ಥೆಯ ಆರೋಗ್ಯದ ಲಕ್ಷಣವೆಂದು ನಾನು ತಕ್ಷಣ ಒಪ್ಪಲಾರೆ. ವಂಚನೆ ಪತ್ತೆಹಚ್ಚುವ ವೃತ್ತಿಪರರ ಅಂತರರಾಷ್ಟ್ರೀಯ ಸಂಘವಾದ ಎಸಿಎಫ್‌ಇ 2024 ರಲ್ಲಿ ಹೊರತಂದ ವರದಿಯ ಪ್ರಕಾರ, ಅಧ್ಯಯನಕ್ಕೊಳಪಟ್ಟ ವಂಚನೆಗಳಲ್ಲಿ ಶೇಕಡಾ 43 ರಷ್ಟು ಬೆಳಕಿಗೆ ಬಂದದ್ದು ಯಾರೋ ಕೊಟ್ಟ ಸುಳಿವಿನಿಂದ, ಮತ್ತು ಆ ಸುಳಿವುಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಅದೇ ಸಂಸ್ಥೆಯ ನೌಕರರಿಂದ. ಆಂತರಿಕ ಲೆಕ್ಕಪರಿಶೋಧನೆಯಿಂದ ಪತ್ತೆಯಾದವು ಇದರ ಮೂರನೆಯ ಒಂದು ಭಾಗದಷ್ಟು, ಹೊರಗಿನ ಲೆಕ್ಕಪರಿಶೋಧಕರಿಂದ ಪತ್ತೆಯಾದವು ಬೆರಳೆಣಿಕೆಯಷ್ಟು. ಯಾವ ಸಂಸ್ಥೆಯಲ್ಲಿ ನೌಕರರು ಬಾಯಿಬಿಡುವುದಿಲ್ಲವೋ ಅದು ತನ್ನ ಅತ್ಯಂತ ಚುರುಕಾದ ಕಣ್ಣನ್ನು ತಾನೇ ಕಟ್ಟಿಕೊಂಡಂತೆ.

ನಾಯಕರ ನೈತಿಕತೆ ಮೇಲಿನಿಂದ ಕೆಳಕ್ಕೆ ಹೇಗೆ ಹರಿಯುತ್ತದೆ ಎಂಬುದನ್ನೂ ಅಳೆದಿದ್ದಾರೆ. ಡೇವಿಡ್ ಮೇಯರ್ ಮತ್ತು ಸಹೋದ್ಯೋಗಿಗಳು 195 ವಿಭಾಗಗಳಲ್ಲಿ ನಡೆಸಿ 2009 ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತ್ಯುನ್ನತ ಮಟ್ಟದ ನಾಯಕರ ನೈತಿಕತೆ ನೌಕರರನ್ನು ತಲುಪುವುದು ಬಹುಮಟ್ಟಿಗೆ ಅವರ ನೇರ ಮೇಲ್ವಿಚಾರಕರ ಮೂಲಕ. ಮುಖ್ಯಸ್ಥರು ಎಷ್ಟೇ ಒಳ್ಳೆಯವರಾಗಿದ್ದರೂ ನಡುವಿನ ಮೆಟ್ಟಿಲು ಮುರಿದಿದ್ದರೆ ಅವರ ಒಳ್ಳೆಯತನ ಮೇಲಂತಸ್ತಿನಲ್ಲೇ ಉಳಿಯುತ್ತದೆ. ನಿಮ್ಮ ತರಬೇತಿಯ ಹಣದಲ್ಲಿ ಹೆಚ್ಚಿನ ಪಾಲನ್ನು ಯಾರಿಗಾಗಿ ಖರ್ಚು ಮಾಡಬೇಕೆಂಬುದಕ್ಕೆ ಇದರಲ್ಲಿ ಉತ್ತರವಿದೆ.

ಈಗ ಲಾಭದ ಪ್ರಶ್ನೆ. ಇಲ್ಲಿ ನಾನು ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಲು ಸೂಚಿಸುತ್ತೇನೆ, ಏಕೆಂದರೆ ಒಂದು ಇನ್ನೊಂದನ್ನು ಬೆಳಗುತ್ತದೆ. ಟೋನಿ ಸೈಮನ್ಸ್ ಅವರು ಅಮೆರಿಕ ಮತ್ತು ಕೆನಡಾದ 76 ಹಾಲಿಡೇ ಇನ್ ಹೋಟೆಲುಗಳಲ್ಲಿ 6,500 ಕ್ಕೂ ಹೆಚ್ಚು ನೌಕರರನ್ನು ಕೇಳಿದ್ದು ಬಹಳ ಸರಳವಾದ ವಿಷಯ: ನಿಮ್ಮ ವ್ಯವಸ್ಥಾಪಕರು ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾರೆಯೇ, ತಾವು ಬೋಧಿಸುವ ಮೌಲ್ಯಗಳನ್ನು ತಾವೇ ಪಾಲಿಸುತ್ತಾರೆಯೇ? ಐದು ಅಂಕಗಳ ಮಾಪಕದಲ್ಲಿ ಈ ‘ನಡೆನುಡಿಯ ಹೊಂದಾಣಿಕೆ’ಯ ಅಂಕ ಒಂದರ ಎಂಟನೆಯ ಒಂದು ಭಾಗದಷ್ಟು ಹೆಚ್ಚಿದ್ದ ಹೋಟೆಲುಗಳಲ್ಲಿ, ಆದಾಯದ ಶೇಕಡಾ 2.5 ರಷ್ಟು ಹೆಚ್ಚಿನ ಲಾಭ ನಿರೀಕ್ಷಿಸಬಹುದೆಂದು 2002 ರಲ್ಲಿ ಅವರು ವರದಿ ಮಾಡಿದರು. ವ್ಯವಸ್ಥಾಪಕರ ನಡವಳಿಕೆಯ ಬಗ್ಗೆ ಅವರು ಅಳೆದ ಬೇರೆ ಯಾವ ಅಂಶಕ್ಕೂ ಲಾಭದೊಂದಿಗೆ ಇಷ್ಟು ಗಾಢವಾದ ಸಂಬಂಧವಿರಲಿಲ್ಲ. ಒಂದೇ ಹೆಸರು, ಒಂದೇ ನಿಯಮಾವಳಿ, ಒಂದೇ ಬಗೆಯ ಸೇವೆ ಇರುವ ಹೋಟೆಲುಗಳ ನಡುವೆ ಕಂಡ ವ್ಯತ್ಯಾಸ ಇದು ಎಂಬುದೇ ಈ ಅಧ್ಯಯನದ ತೂಕ.

ಎರಡನೆಯದು ಲೂಯಿಜಿ ಗುಯಿಸೊ, ಪಾವೊಲಾ ಸಪಿಯೆಂಜಾ ಮತ್ತು ಲೂಯಿಜಿ ಜಿಂಗಾಲೆಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2015 ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಐನೂರು ದೊಡ್ಡ ಕಂಪನಿಗಳ ಸೂಚ್ಯಂಕವಾದ ಎಸ್ ಆ್ಯಂಡ್ ಪಿ 500 ರಲ್ಲಿರುವ ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ಯಾವ ಮೌಲ್ಯಗಳನ್ನು ಸಾರಿಕೊಳ್ಳುತ್ತವೆ ಎಂದು ಅವರು ಪಟ್ಟಿ ಮಾಡಿದರು. ಪ್ರಾಮಾಣಿಕತೆಯನ್ನು ಸಾರಿಕೊಳ್ಳುವ ಕಂಪನಿಗಳು ಸುಮಾರು ಶೇಕಡಾ 70. ಹಾಗೆ ಸಾರಿಕೊಂಡದ್ದಕ್ಕೂ ಕಂಪನಿಯ ಸಾಧನೆಗೂ ಯಾವ ಸಂಬಂಧವೂ ಕಾಣಲಿಲ್ಲ. ಬಳಿಕ ಅವರು ನೌಕರರ ಸಮೀಕ್ಷೆಗಳ ಮಾಹಿತಿಯನ್ನು ತೆಗೆದುಕೊಂಡು, ‘ನಮ್ಮ ಆಡಳಿತದವರ ಮಾತು ಮತ್ತು ಕೃತಿ ಒಂದೇ’ ಎಂದು ನೌಕರರೇ ಭಾವಿಸುವ ಕಂಪನಿಗಳನ್ನು ನೋಡಿದಾಗ, ಅಲ್ಲಿ ಉತ್ಪಾದಕತೆಯೂ ಲಾಭವೂ ಹೆಚ್ಚಿದ್ದವು. ಸಾರಿಕೊಂಡ ಮೌಲ್ಯಕ್ಕೆ ಬೆಲೆಯಿಲ್ಲ, ನೌಕರರು ಕಂಡ ಮೌಲ್ಯಕ್ಕೆ ಬೆಲೆಯಿದೆ. ನಿಮ್ಮ ನಿರ್ದೇಶಕರಿಗೆ ಒಂದೇ ಒಂದು ಅಧ್ಯಯನವನ್ನು ತೋರಿಸುವ ಅವಕಾಶವಿದ್ದರೆ ಇದನ್ನೇ ತೋರಿಸಿ.

ಇಷ್ಟು ಹೇಳಿದ ಮೇಲೆ ಈ ಸಾಕ್ಷ್ಯಗಳ ಮಿತಿಯನ್ನೂ ಹೇಳದಿದ್ದರೆ, ಪ್ರಾಮಾಣಿಕತೆಯ ಬಗ್ಗೆ ಬರೆಯುವ ನಾನೇ ಅಪ್ರಾಮಾಣಿಕನಾಗುತ್ತೇನೆ. ಲಾಭದ ಬಗೆಗಿನ ಮೇಲಿನ ಎರಡೂ ಅಧ್ಯಯನಗಳು ತೋರಿಸುವುದು ಸಹಸಂಬಂಧವನ್ನು, ಎಂದರೆ ಎರಡು ಸಂಗತಿಗಳು ಜೊತೆಜೊತೆಗೆ ಕಾಣುವುದನ್ನು ಮಾತ್ರ; ಲಾಭದಲ್ಲಿರುವ ಕಂಪನಿಯ ಅಧಿಕಾರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಸುಲಭ, ನಷ್ಟದಲ್ಲಿರುವವರಿಗೆ ಕಷ್ಟ ಎಂಬ ವಿವರಣೆಯನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ನೈತಿಕ ನಾಯಕತ್ವದ ಬಹುಪಾಲು ಅಧ್ಯಯನಗಳಲ್ಲಿ ನಾಯಕರಿಗೆ ಅಂಕ ಕೊಡುವವರೂ ತಮ್ಮ ತೃಪ್ತಿಯನ್ನು ವರದಿ ಮಾಡುವವರೂ ಅದೇ ನೌಕರರು, ಹಾಗಾಗಿ ಅಧಿಕಾರಿಯನ್ನು ಇಷ್ಟಪಡುವವರು ಎರಡಕ್ಕೂ ಒಳ್ಳೆಯ ಅಂಕ ಕೊಟ್ಟುಬಿಡುವ ಸಾಧ್ಯತೆ ಇದ್ದೇ ಇದೆ. 134 ಮಾದರಿಗಳ, 50,000 ಕ್ಕೂ ಹೆಚ್ಚು ನೌಕರರ ಮಾಹಿತಿಯನ್ನು ಒಟ್ಟುಗೂಡಿಸಿ 2016 ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ನಾಯಕರ ಮೇಲಿನ ನಂಬಿಕೆ, ಕೆಲಸದ ತೃಪ್ತಿ, ಸಂಸ್ಥೆಯ ಬಗೆಗಿನ ಬದ್ಧತೆಗಳೊಂದಿಗೆ ಸ್ಪಷ್ಟವಾದ ಸಂಬಂಧವನ್ನು ಕಂಡಿತು. ಕೆಲಸದ ಸಾಧನೆಗೆ ಬಂದಾಗ ಸಂಬಂಧ ಇದೆ, ಆದರೆ ಭಾವನೆಗಳೊಂದಿಗೆ ಇರುವಷ್ಟು ಬಲವಾಗಿಲ್ಲ. ನೌಕರರನ್ನು ಹುರಿದುಂಬಿಸುವ ಪರಿವರ್ತನಶೀಲ ನಾಯಕತ್ವದಿಂದ ನೈತಿಕ ನಾಯಕತ್ವವನ್ನು ಬೇರ್ಪಡಿಸಿ ಅಳೆಯುವುದು ಕಷ್ಟ, ಬೇರ್ಪಡಿಸಿದರೆ ಉಳಿಯುವ ಹೆಚ್ಚುವರಿ ಪರಿಣಾಮ ಚಿಕ್ಕದು ಎಂದು 2018 ರ ಇನ್ನೊಂದು ವಿಶ್ಲೇಷಣೆ ವಾದಿಸಿತು. ನನ್ನ ಅಭಿಪ್ರಾಯದಲ್ಲಿ ಈ ಕೊನೆಯ ಟೀಕೆ ಸಂಶೋಧಕರಿಗೆ ಮುಖ್ಯವೇ ಹೊರತು ನಿಮಗಲ್ಲ. ನಿಮಗೆ ಬೇಕಿರುವುದು ನಂಬಬಹುದಾದ ಮೇಲಧಿಕಾರಿ. ಅವರನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ಜಗಳವನ್ನು ವಿದ್ವಾಂಸರಿಗೆ ಬಿಡೋಣ.

ಸರಾಸರಿಯ ಅಂಕಿಗಳು ಇನ್ನೊಂದು ವಿಷಯವನ್ನು ಮರೆಮಾಡುತ್ತವೆ. ನೈತಿಕ ನಾಯಕತ್ವದ ಆರ್ಥಿಕ ಫಲದಲ್ಲಿ ದೊಡ್ಡ ಪಾಲು ಪ್ರತಿವರ್ಷ ಒಂದಿಷ್ಟಿಷ್ಟು ಹೆಚ್ಚಿನ ಲಾಭವಾಗಿ ಬರುವುದಿಲ್ಲ, ಎಂದೋ ಒಂದು ದಿನ ಆಗಬಹುದಾಗಿದ್ದ ಮಹಾನಷ್ಟ ಆಗದೇ ಉಳಿಯುವುದರಲ್ಲಿ ಇರುತ್ತದೆ. ಆಗದೇ ಉಳಿದ ನಷ್ಟಕ್ಕೆ ಲೆಕ್ಕಪತ್ರದಲ್ಲಿ ಸಾಲು ಇಲ್ಲ. ಆದ ನಷ್ಟಕ್ಕೆ ಇದೆ, ಮತ್ತು ಅದಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆ ಬ್ಯಾಂಕು ಪ್ರತಿ ಗ್ರಾಹಕ ಕುಟುಂಬಕ್ಕೂ ಎಂಟು ಬಗೆಯ ಖಾತೆ ಮತ್ತು ಸೇವೆಗಳನ್ನು ಮಾರಬೇಕೆಂಬ ಗುರಿ ಇಟ್ಟುಕೊಂಡಿತ್ತು. ಎಂಟೇ ಏಕೆಂದರೆ ಇಂಗ್ಲಿಷಿನಲ್ಲಿ ಆ ಸಂಖ್ಯೆ ‘ಗ್ರೇಟ್’ ಎಂಬ ಪದದೊಂದಿಗೆ ಪ್ರಾಸವಾಗುತ್ತದೆ ಎಂಬ ಕಾರಣವನ್ನು ಬ್ಯಾಂಕೇ ಹೆಮ್ಮೆಯಿಂದ ಹೇಳಿಕೊಂಡಿತ್ತು. ಪ್ರಾಸಕ್ಕಾಗಿ ನಿಗದಿಯಾದ ಗುರಿಯ ಕೆಳಗೆ ಸಾವಿರಾರು ನೌಕರರು ದಿನನಿತ್ಯ ನರಳಿದರು. ಗುರಿ ಮುಟ್ಟಲಾಗದವರು ಗ್ರಾಹಕರಿಗೆ ತಿಳಿಸದೆಯೇ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು. ಅಲ್ಲಿ ನೀತಿಸಂಹಿತೆ ಇತ್ತು, ತರಬೇತಿ ಇತ್ತು, ಸಹಾಯವಾಣಿಯೂ ಇತ್ತು. ಅದಕ್ಕೆ ಕರೆಮಾಡಿದ ಮೇಲೆ ಕೆಲಸ ಕಳೆದುಕೊಂಡೆವೆಂದು ಹಲವು ಮಾಜಿ ನೌಕರರು ಬಹಿರಂಗವಾಗಿ ಹೇಳಿದರು. 2016 ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಆ ಹೊತ್ತಿಗೆ ಸುಮಾರು 5,300 ನೌಕರರನ್ನು ವಜಾ ಮಾಡಲಾಗಿತ್ತು, ಮರುತಿಂಗಳು ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ಬಿಟ್ಟರು, ಮರುವರ್ಷ ಶಂಕಾಸ್ಪದ ಖಾತೆಗಳ ಅಂದಾಜು 35 ಲಕ್ಷಕ್ಕೆ ಏರಿತು. ಆದರೆ ನಿಜವಾದ ಪೆಟ್ಟು ದಂಡದ್ದಲ್ಲ. 2018 ರ ಫೆಬ್ರವರಿಯಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಈ ಬ್ಯಾಂಕಿನ ಒಟ್ಟು ಆಸ್ತಿ ಸುಮಾರು 1.95 ಲಕ್ಷ ಕೋಟಿ ಡಾಲರಿನ ಮಟ್ಟವನ್ನು ದಾಟಿ ಬೆಳೆಯಬಾರದೆಂದು ಕಟ್ಟುಹಾಕಿತು, ಮತ್ತು ಆ ಕಟ್ಟು ಸಡಿಲಗೊಂಡದ್ದು 2025 ರ ಜೂನ್‌ನಲ್ಲಿ. ಪ್ರತಿಸ್ಪರ್ಧಿ ಬ್ಯಾಂಕುಗಳು ಬೆಳೆಯುತ್ತಿದ್ದ ಏಳು ವರ್ಷ ಇದು ನಿಂತಲ್ಲೇ ನಿಂತಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು, ಅಷ್ಟು ಸಾವಿರ ಜನರೂ ಹುಟ್ಟಾ ವಂಚಕರಾಗಿರಲಾರರು ಎಂಬುದು. ನಿರ್ದಿಷ್ಟ ಗುರಿ ಕೊಟ್ಟು, ಅದರ ಹತ್ತಿರ ಬಂದು ಮುಟ್ಟಲಾಗದ ಸ್ಥಿತಿಯಲ್ಲಿ ಇಟ್ಟರೆ ಸಾಮಾನ್ಯ ಜನರೂ ತಮ್ಮ ಸಾಧನೆಯನ್ನು ಹೆಚ್ಚಿಸಿ ಹೇಳುವ ಸಾಧ್ಯತೆ ಏರುತ್ತದೆ ಎಂಬುದನ್ನು ಮಾರಿಸ್ ಶ್ವೈಟ್ಜರ್ ಮತ್ತು ಸಂಗಡಿಗರು 2004 ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೋರಿಸಿದ್ದರು. ಆದ್ದರಿಂದ ಗುರಿ ನಿಗದಿ ಮಾಡುವುದೇ ನಾಯಕರ ಅತಿ ದೊಡ್ಡ ನೈತಿಕ ನಿರ್ಧಾರ ಎಂದು ನಾನು ಹೇಳುತ್ತೇನೆ; ಅದು ಹಣಕಾಸು ವಿಭಾಗದ ವಿಷಯವೆಂದು ಬಿಟ್ಟುಕೊಟ್ಟವರು ನೀತಿಸಂಹಿತೆಯಲ್ಲಿ ಏನು ಬರೆದುಕೊಂಡರೂ ಅಷ್ಟೆ. ಎನ್‌ರಾನ್ ಎಂಬ ಅಮೆರಿಕದ ಇಂಧನ ಕಂಪನಿಯ ನೀತಿಸಂಹಿತೆ 64 ಪುಟಗಳಷ್ಟಿತ್ತು. ತನ್ನ ಹಣಕಾಸು ಮುಖ್ಯಸ್ಥರು ತಾವೇ ನಡೆಸುವ ಸಂಸ್ಥೆಗಳೊಂದಿಗೆ ಕಂಪನಿಯ ವ್ಯವಹಾರ ಕುದುರಿಸಲು ಅನುಕೂಲವಾಗಲೆಂದು ಅದರ ನಿರ್ದೇಶಕ ಮಂಡಳಿ 1999 ರಲ್ಲಿ ಅದೇ ಸಂಹಿತೆಗೆ ವಿನಾಯಿತಿ ಕೊಟ್ಟಿತು, ಮತ್ತು 2001 ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು.

ಇದಕ್ಕೆ ಎದುರಾದ ಉದಾಹರಣೆಯನ್ನೂ ಕೊಡಬೇಕು. 1987 ರಲ್ಲಿ ಅಲ್ಯೂಮಿನಿಯಂ ಕಂಪನಿಯಾದ ಆಲ್ಕೋವಾದ ಮುಖ್ಯಸ್ಥರಾದ ಪಾಲ್ ಓನೀಲ್, ಲಾಭಕ್ಕಿಂತ ಮೊದಲು ಕಾರ್ಮಿಕರ ಸುರಕ್ಷತೆ ಎಂದು ಘೋಷಿಸಿದರು. ಇಂಥ ಘೋಷಣೆಗಳು ಎಲ್ಲೆಡೆ ಇರುತ್ತವೆ. ವ್ಯತ್ಯಾಸ ಬಂದದ್ದು ಪರೀಕ್ಷೆಯ ಹೊತ್ತಿನಲ್ಲಿ: ಮೆಕ್ಸಿಕೊದ ಕಾರ್ಖಾನೆಯೊಂದರಲ್ಲಿ ಕಾರ್ಮಿಕರು ವಿಷಾನಿಲದಿಂದ ಅಸ್ವಸ್ಥರಾದ ವಿಷಯ 1996 ರಲ್ಲಿ ಷೇರುದಾರರ ಸಭೆಯಲ್ಲಿ ಎತ್ತಲ್ಪಟ್ಟಾಗ ಓನೀಲ್ ತನಿಖೆ ಮಾಡಿಸಿದರು. ಅಲ್ಲಿನ ದೋಷ ಸರಿಪಡಿಸಲಾಗಿತ್ತು, ಆದರೆ ಘಟನೆಯನ್ನು ಕೇಂದ್ರ ಕಚೇರಿಗೆ ವರದಿ ಮಾಡಿರಲಿಲ್ಲ. ಅದಕ್ಕೆ ಹೊಣೆಯಾದ, ಕಂಪನಿಗೆ ಒಳ್ಳೆಯ ವಹಿವಾಟು ತರುತ್ತಿದ್ದ ಹಿರಿಯ ಅಧಿಕಾರಿಯನ್ನು ಅವರು ಕೆಲಸದಿಂದ ತೆಗೆದರು. ಸಂಖ್ಯೆಗಳಿಗಿಂತ ಮಾತು ದೊಡ್ಡದು ಎಂಬುದನ್ನು ಆ ದಿನ ಇಡೀ ಕಂಪನಿ ಕಲಿಯಿತು. ಓನೀಲ್ ಅವರ ಅವಧಿಯಲ್ಲಿ, ಗಾಯದಿಂದಾಗಿ ಕೆಲಸದ ದಿನ ಕಳೆದುಕೊಳ್ಳುವ ಪ್ರಕರಣಗಳು ವರ್ಷಕ್ಕೆ ನೂರು ಕಾರ್ಮಿಕರಿಗೆ 1.86 ರಿಂದ ಸುಮಾರು 0.2 ಕ್ಕೆ ಇಳಿದವು, ಕಂಪನಿಯ ಮಾರುಕಟ್ಟೆ ಮೌಲ್ಯ ಹಲವು ಪಟ್ಟು ಬೆಳೆಯಿತು. ಬೆಳವಣಿಗೆಗೆಲ್ಲ ಸುರಕ್ಷತೆಯೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಅಪಘಾತದ ಸುದ್ದಿ ಇಪ್ಪತ್ತನಾಲ್ಕು ಗಂಟೆಯೊಳಗೆ ಮೇಲಕ್ಕೆ ತಲುಪಲೆಂದು ಕಟ್ಟಿದ ದಾರಿಯಲ್ಲೇ, ಕೆಲಸ ಸುಧಾರಿಸುವ ಸಲಹೆಗಳೂ ಹರಿದುಬರುತ್ತವೆ ಎಂಬುದು ಊಹಿಸಲು ಕಷ್ಟವಾದ ಸಂಗತಿಯಲ್ಲ.

ನಿಮ್ಮ ಪ್ರತಿಸ್ಪರ್ಧಿಯ ವಿಚಾರದಲ್ಲಿ ನಿರ್ದೇಶಕರಿಗೆ ‘ಕಾದು ನೋಡಿ, ಅವರೂ ಕುಸಿಯುತ್ತಾರೆ’ ಎಂದು ಹೇಳಬೇಡಿ. ಕುಸಿಯದೆಯೂ ಇರಬಹುದು. ನಿಯಮ ಮುರಿದವರೆಲ್ಲರೂ ಸಿಕ್ಕಿಬೀಳುವುದಿಲ್ಲ, ಮತ್ತು ನೈತಿಕತೆಗೆ ಯಾವಾಗಲೂ ಲಾಭವೇ ಬಹುಮಾನವೆಂದು ವಾದಿಸುವವರು ಲಾಭ ಬಾರದ ದಿನ ನೈತಿಕತೆಯನ್ನು ಬಿಟ್ಟುಕೊಡಬೇಕಾಗುತ್ತದೆ. ನೀವು ಹೇಳಬಹುದಾದದ್ದು ಇಷ್ಟು: ಒಂದೆರಡು ವರ್ಷಗಳ ಲಾಭವನ್ನು ಮಾತ್ರ ಹೋಲಿಸಿದಾಗ, ಒಂದು ಸಂಸ್ಥೆ ಹೊತ್ತುಕೊಂಡಿರುವ ಅಪಾಯ ಲೆಕ್ಕಕ್ಕೆ ಬರುವುದಿಲ್ಲ. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳು 2015 ರ ಸೆಪ್ಟೆಂಬರ್ 17 ರವರೆಗೆ ಅದರ ಯಶಸ್ಸಿನ ಕಥೆಯೇ ಆಗಿದ್ದವು. ಮರುದಿನ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನೋಟಿಸ್ ಹೊರಬಂದ ಬಳಿಕ, ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ವಿಶ್ವದಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿತ್ತೆಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು, ಮತ್ತು ಅದರ ಒಟ್ಟು ವೆಚ್ಚ 3,000 ಕೋಟಿ ಯೂರೊ ದಾಟಿತು.

ಅತಿ ಉತ್ಸಾಹದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು, ಏಕೆಂದರೆ ನಿಮ್ಮ ಹುದ್ದೆಯಲ್ಲಿರುವವರು ಆ ಕಡೆಗೆ ಜಾರುವುದನ್ನು ಕಂಡಿದ್ದೇನೆ. ಯೆರೂನ್ ಸ್ಟೌಟನ್ ಮತ್ತು ಸಂಗಡಿಗರ 2013 ರ ಅಧ್ಯಯನದ ಪ್ರಕಾರ, ನಾಯಕರ ನೈತಿಕತೆ ಒಂದು ಮಟ್ಟದವರೆಗೆ ಏರಿದಾಗ ನೌಕರರು ಪರಸ್ಪರ ನೆರವಾಗುವ ಸ್ವಯಂಪ್ರೇರಿತ ನಡವಳಿಕೆಯೂ ಏರುತ್ತದೆ, ಆ ಮಟ್ಟವನ್ನು ದಾಟಿದರೆ ಇಳಿಯತೊಡಗುತ್ತದೆ. ಸದಾ ತಮ್ಮನ್ನು ತೂಗಿ ನೋಡುತ್ತಿರುವಂತೆ ಅನ್ನಿಸುವ ಮೇಲಧಿಕಾರಿಯ ಮುಂದೆ ಜನ ಕುಗ್ಗುತ್ತಾರೆ. ಇನ್ನೂ ಕುತೂಹಲದ ಸಂಗತಿಯೊಂದನ್ನು 2016 ರ ಅಧ್ಯಯನವೊಂದು ದಾಖಲಿಸಿತು: ಒಂದು ದಿನ ನೈತಿಕವಾಗಿ ನಡೆದುಕೊಂಡ ಅಧಿಕಾರಿಗಳಲ್ಲಿ ಕೆಲವರು, ಆ ಶ್ರಮದ ದಣಿವಿನಿಂದಲೋ ‘ನಾನು ಸಾಕಷ್ಟು ಒಳ್ಳೆಯವನಾಗಿದ್ದೇನೆ’ ಎಂಬ ಭಾವದಿಂದಲೋ, ಮರುದಿನ ಕೈಕೆಳಗಿನವರ ಮೇಲೆ ಹರಿಹಾಯುವ ಸಾಧ್ಯತೆ ಹೆಚ್ಚು. ಅಧಿಕಾರಿಗಳೂ ಮನುಷ್ಯರೇ. ಅವರಿಗೆ ಬೋಧನೆಗಿಂತ ಬಿಡುವು ಹೆಚ್ಚು ಉಪಕಾರ ಮಾಡುವ ದಿನಗಳೂ ಇರುತ್ತವೆ.

ಇನ್ನು ನೀವು ಮಾಡಬಹುದಾದ ಕೆಲಸ. ಹೊಸ ಸಂಹಿತೆಯನ್ನಾಗಲಿ ಇನ್ನೊಂದು ಸುತ್ತಿನ ತರಬೇತಿಯನ್ನಾಗಲಿ ಸದ್ಯಕ್ಕೆ ಯೋಜಿಸಬೇಡಿ. ಕಳೆದ ಮೂರು ವರ್ಷಗಳಲ್ಲಿ ಬಡ್ತಿ ಪಡೆದವರ ಪಟ್ಟಿ ತೆಗೆದು, ಅವರಲ್ಲಿ ಯಾರ ಮೇಲಾದರೂ ಕೈಕೆಳಗಿನವರ ಗಂಭೀರ ದೂರುಗಳಿದ್ದವೇ, ಇದ್ದರೂ ಬಡ್ತಿ ಸಿಕ್ಕಿತೇ ಎಂದು ನೋಡಿ. ವಿಭಾಗವಾರು ರಾಜೀನಾಮೆಗಳ ಲೆಕ್ಕ ಹಾಕಿ. ಒಂದೇ ಸಂಬಳ, ಒಂದೇ ಕೆಲಸ ಇರುವ ಎರಡು ವಿಭಾಗಗಳಲ್ಲಿ ಒಂದರಿಂದ ಮಾತ್ರ ಜನ ಹೋಗುತ್ತಿದ್ದರೆ, ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ಹುಡುಕಿ, ಕಲಿಸಿ, ಸಜ್ಜುಗೊಳಿಸಲು ತಗುಲಿದ ಹಣವೇ ನಿಮ್ಮ ನಿರ್ದೇಶಕರು ಕೇಳಿದ ರೂಪಾಯಿ. ಹೆಸರು ಬರೆಯಬೇಕಿಲ್ಲದ ಸಮೀಕ್ಷೆಯೊಂದರಲ್ಲಿ ‘ಸಂಸ್ಥೆಯ ಮೌಲ್ಯಗಳು ನಿಮಗೆ ತಿಳಿದಿವೆಯೇ’ ಎಂದು ಕೇಳುವ ಬದಲು ‘ನಿಮ್ಮ ನೇರ ಮೇಲಧಿಕಾರಿ ಕೊಟ್ಟ ಮಾತಿನಂತೆ ನಡೆಯುತ್ತಾರೆಯೇ’, ‘ಕೆಟ್ಟ ಸುದ್ದಿ ತಂದವರನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೆ’ ಎಂದು ಕೇಳಿ, ಉತ್ತರಗಳನ್ನು ವಿಭಾಗವಾರು ರಾಜೀನಾಮೆ, ಗೈರುಹಾಜರಿ, ಗ್ರಾಹಕರ ದೂರುಗಳ ಪಕ್ಕದಲ್ಲಿಟ್ಟು ನೋಡಿ. ನಾನೂರು ಜನರ ಸಂಸ್ಥೆಯಲ್ಲಿ ಇದು ಅಂಕಿಅಂಶ ಶಾಸ್ತ್ರಕ್ಕೆ ಒಪ್ಪುವ ರುಜುವಾತಾಗದು, ಆದರೆ ಎಲ್ಲಿ ತೊಂದರೆಯಿದೆ ಎಂದು ಬೊಟ್ಟುಮಾಡಿ ತೋರಿಸಲು ಸಾಕು.

ಇವೆಲ್ಲಕ್ಕಿಂತ ಮೊದಲು, ಆ ಮೂರು ಕರೆಗಳ ಕಡತವನ್ನು ತೆರೆಯಿರಿ. ಕರೆ ಮಾಡಿದವರು ಹೆಸರು ಹೇಳಿದ್ದರೆ ಅವರು ಈಗಲೂ ನಿಮ್ಮ ಸಂಸ್ಥೆಯಲ್ಲಿದ್ದಾರೆಯೇ, ಯಾವ ಹುದ್ದೆಯಲ್ಲಿದ್ದಾರೆ, ಅವರು ಹೇಳಿದ್ದರ ಬಗ್ಗೆ ಏನಾಯಿತೆಂದು ಅವರಿಗೆ ಯಾರಾದರೂ ಮರಳಿ ತಿಳಿಸಿದರೇ ಎಂಬುದನ್ನು ಬರೆದುಕೊಳ್ಳಿ. ಆ ಒಂದು ಪುಟವನ್ನು ನಿರ್ದೇಶಕರ ಸಭೆಗೆ ತೆಗೆದುಕೊಂಡು ಹೋಗಿ, ಏಕೆಂದರೆ ಅದರಲ್ಲಿರುವುದು ಉಳಿದ ಮುನ್ನೂರ ತೊಂಬತ್ತೇಳು ಮಂದಿಗೆ ಈಗಾಗಲೇ ಗೊತ್ತಿರುವ ಸಾಧ್ಯತೆ ಹೆಚ್ಚು.